ಕೈಗೆ ಗೊತ್ತಾಗುವ ಹದ

ಲಾಂಡ್ರಿಯ ಹಿಂದಿನ ಕೋಣೆಯಿಂದ,
ಬುಧವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಸೊಂಟನೋವು ಹೇಗಿದೆ? ಹೊಲಿಗೆ ಮೆಷಿನ್ ಮುಂದೆ ಕೂತರೆ ಏಳುವುದನ್ನೇ ಮರೆಯುವವಳು ನೀನು. ಮಧ್ಯೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತೀಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿರುವುದು ನಿನ್ನ ತಮ್ಮ.

ನೀನಿಟ್ಟ ಕುಳ್ಳ ಎಂಬ ಹೆಸರು ಇನ್ನೂ ನಿಂತಿದೆ, ಆದರೆ ಈಗ ಅವನು ತಲೆ ಬಗ್ಗಿಸದೆ ಬಾಗಿಲು ದಾಟಲಾರ. ಅಷ್ಟೆತ್ತರದ ಹುಡುಗನ ಅಂಗೈಗಳು ಬಿಸಿ ಪಾತ್ರೆ ಹಿಡಿದವರ ಹಾಗೆ ಸದಾ ಕೆಂಪಗೆ. ಗಂಟಲಲ್ಲಿ ಕಫ ಬಿಡಾರ ಹೂಡಿದೆ. ಬೆಳಗ್ಗೆ ಅವನು ಕ್ಯಾಕರಿಸಿದರೆ ಪಕ್ಕದ ಮನೆಯ ಕೂಸಿಗೆ ಎಚ್ಚರವಾಗುತ್ತದೆ. ಬಿಸಿನೀರು, ಉಪ್ಪುನೀರು, ಹಬೆ, ಮುಲಾಮು ಎಲ್ಲ ಆಯಿತು. ಔಷಧಿ ಅಂಗಡಿಯವನು ಅಂಗೈ ನೋಡಿ, ಲಿವರ್ ಕೆಟ್ಟವರಿಗೆ ಹೀಗೆ ಕೆಂಪಾಗುತ್ತದೆ, ಹುಡುಗ ಕುಡಿಯುತ್ತಾನಾ ಎಂದು ಕೇಳಿಬಿಟ್ಟ. ಅದನ್ನೇ ಹಿಡಿದುಕೊಂಡು ನಿನ್ನಪ್ಪ ಅವನ ಬಾಯಿ ಮೂಸಿದರು. ಪಾಪ, ಟೀ ಬಿಟ್ಟು ಬೇರೇನೂ ಮುಟ್ಟದವನು.

ಕೊನೆಗೆ ನಾನೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅವರು ಗಂಟಲು ನೋಡುವ ಮೊದಲೇ ಏನು ಕೆಲಸ ಎಂದು ಕೇಳಿದರು. ನಮಗೆ ಆಸ್ಪತ್ರೆಯ ಬಿಳಿ ಹೊದಿಕೆಗಳು ಬರತೊಡಗಿದ ಮೇಲೆ ಬ್ಲೀಚ್ ತೊಟ್ಟಿ ಅವನ ಪಾಲಿಗೆ ಬಂದಿದೆ. ನಿನ್ನಪ್ಪನ ಪದ್ಧತಿ ನಿನಗೆ ಗೊತ್ತಲ್ಲ, ಬರಿಗೈ ಅದ್ದಿ ಬೆರಳು ಉಜ್ಜಬೇಕು, ಜಾರಿದರೆ ಹದ ಸರಿ. ಧೂಳು ಬರಬಾರದೆಂದು ಕಿಟಕಿಗಳಿಗೆಲ್ಲ ಅಗುಳಿ ಬೇರೆ. ಆ ಘಾಟಿನಲ್ಲೇ ಹುಡುಗನಿಗೆ ದಿನವಿಡೀ ಕೆಲಸ. ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿದರು, ಅದರಲ್ಲಿ ಏನೂ ಸಿಗಲಿಲ್ಲ, ಅಷ್ಟರಮಟ್ಟಿಗೆ ಬದುಕಿದೆವು. ಗ್ಲೌಸ್ ಹಾಕಲಿ, ಕಿಟಕಿ ತೆರೆದಿಡಿ, ಹುಳಿ ಗಂಟಲಿಗೆ ಏರದಂತೆ ಉಂಡ ಕೂಡಲೇ ಮಲಗದಿರಲಿ, ಸದ್ಯಕ್ಕೆ ತೊಟ್ಟಿಯ ಹತ್ತಿರ ಸುಳಿಯುವುದೇ ಬೇಡ ಎಂದರು.

ಮನೆಗೆ ಬಂದು ಹೇಳಿದರೆ ನಿನ್ನಪ್ಪ ಇಸ್ತ್ರಿಯಿಂದ ಕಣ್ಣೆತ್ತಲಿಲ್ಲ. "ಇಷ್ಟು ವರ್ಷ ಇದೇ ಕೈಯಲ್ಲಿ ಒಗೆದಿದೀನಿ, ನನಗೇನಾಗಿದೆ?" ಅಂದರು, ಅಷ್ಟೇ. ನಾನು ತಂದ ಗ್ಲೌಸ್ ಗೂಟದಲ್ಲೇ ನೇತಾಡುತ್ತಿದೆ. ಕಿಟಕಿ ತೆರೆದರೆ ಹಿಂದೆಯೇ ಬಂದು ಮುಚ್ಚುತ್ತಾರೆ. ಈ ವಾರವಂತೂ ಬೆಳಕು ಹರಿಯುವಷ್ಟರಲ್ಲಿ ಹುಡುಗನನ್ನು ಬೈದು, ಬಟ್ಟೆಗಂಟು ತಲುಪಿಸಿ ಬಾ ಎಂದು ಹೊರಗೆ ಅಟ್ಟುತ್ತಿದ್ದಾರೆ. ಯಾಕೋ ಅವನ ಅಂಗೈ ತುಸು ತಿಳಿಯಾಗಿದೆ, ಕೆಮ್ಮೂ ತಗ್ಗಿದೆ. ಆದರೂ ನನಗೆ ಅಪ್ಪ ಮಗ ಇಬ್ಬರ ಮೇಲೂ ಸಿಟ್ಟು, ಅದಕ್ಕಿಂತ ಹೆಚ್ಚು ಭಯ.

ಜೋಪಾನ ಕಂದಾ. ನಿನಗೆ ಒಳ್ಳೆಯದಾಗಲಿ, ಜೊತೆಯ ಹುಡುಗಿಯರನ್ನೂ ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತ ಮಾತು: ಲಕೋಟೆಗೆ ಗೋಂದು ಹುಡುಕುತ್ತಾ ಒಗೆಯುವ ಕೋಣೆಗೆ ಹೋದೆ. ಕುಳ್ಳ ಗಂಟು ಹೊತ್ತು ಹೋಗಿದ್ದಾನೆ. ನಿನ್ನಪ್ಪ ಬಾಗಿಲು ಹಾಕಿಕೊಂಡು ಅವನ ಪಾಲಿನ ಹೊದಿಕೆಗಳನ್ನೆಲ್ಲ ತಾವೇ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು, ಬರಿಗೈಯಲ್ಲೇ. ತಾವು ಕ್ಯಾಕರಿಸುವುದು ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟಿದ್ದರು. ನನ್ನನ್ನು ಕಂಡು ಕೈ ಬೆನ್ನ ಹಿಂದೆ ಮುಚ್ಚಿಟ್ಟರು, "ಅವನಿಗೆ ಹೇಳಬೇಡ" ಅಂದರು. ನನ್ನ ಮಾತು ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾರೆ. ಈ ಭಾನುವಾರ ಬಂದುಬಿಡು. ಬರುವಾಗ ಇನ್ನೊಂದು ಜೊತೆ ಗ್ಲೌಸ್ ತಾ, ಎಲ್ಲಕ್ಕಿಂತ ದೊಡ್ಡ ಅಳತೆಯದು. ಕುಳ್ಳನದನ್ನು ಹಾಕಿ ನೋಡಿದೆ, ಅವರ ಊದಿದ ಕೈ ಅದರೊಳಗೆ ಹೋಗಲಿಲ್ಲ.