ಕೊಬ್ಬರಿ ಮರದ ಎಳನೀರು

ಶೆಟ್ಟಿಕೆರೆ
ಭಾನುವಾರ ಇರಬೇಕು, ಗೋಡೆಯ ಕ್ಯಾಲೆಂಡರು ಮುಗಿದು ಮೂರು ತಿಂಗಳಾಯಿತು

ಮಗು ದಯಾನಂದ, ನಿನ್ನ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ಮೈಯ ನೀರೆಲ್ಲ ಹೀರುವ ಈ ಒಣಜ್ವರ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಅಂತ ಹೇಳಿ ಹೋದೆ, ಆದರೂ ನನಗೆ ನಂಬಿಕೆ ಸಾಲದು. ಚಿಕ್ಕನಾಯಕನಹಳ್ಳಿಯ ಆ ಛತ್ರದಲ್ಲಿ ಅಷ್ಟೊಂದು ರೋಗಿಗಳನ್ನು ನೋಡಿಕೊಳ್ಳುತ್ತ ಅಲ್ಲೇ ಮಲಗುತ್ತೀಯಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯ ತಾನೆ? ನೀರು ಕಾಯಿಸಿ ಕುಡಿ. ಆರಿಸಿದ ಮೇಲೆ ಮುಚ್ಚಿಡು. ಐದನೇ ಕ್ಲಾಸು ದಾಟದವನು ನಿನಗೆ ಬುದ್ಧಿ ಹೇಳಬೇಕಾಗಿಲ್ಲ, ಆದರೆ ಹೇಳದಿದ್ದರೆ ನನಗೆ ಮುದ್ದೆ ಇಳಿಯುವುದಿಲ್ಲ.

ಊರಿನಲ್ಲಿ ಈಗ ಹನ್ನೊಂದು ಮನೆಯಲ್ಲಿ ಮಾತ್ರ ಒಲೆ ಉರಿಯುತ್ತದೆ. ಮರ ಹತ್ತುತ್ತಿದ್ದ ಸಣ್ಣತಿಮ್ಮಯ್ಯನೂ ಹೋದ. ಉಳಿದವರೆಲ್ಲ ಸೇರಿ ರಾಗಿ ಬಿತ್ತಿದ್ದೇವೆ. ನಿಮ್ಮವ್ವನಿಗೂ ಜ್ವರ ಬಂದಿತ್ತು. ಗಾಬರಿಯಾಗಬೇಡ, ಈಗ ಎದ್ದು ಕೂತು ಅಂಬಲಿ ಸಪ್ಪೆ ಅಂತ ಜಗಳ ತೆಗೆಯುತ್ತಿದ್ದಾಳೆ. ಅವಳು ಹೇಗೆ ಉಳಿದಳು ಅಂತ ಹೇಳುವುದಕ್ಕೇ ಈ ಕಾಗದ.

ಎರಡು ದಿನ ವಾಂತಿ ಭೇದಿ ನಿಲ್ಲಲಿಲ್ಲ. ನೀರು ಕುಡಿಸಿದರೆ ಹಾಗೇ ಹೊರಗೆ. ಎಳನೀರು ಬೇಕೆಂದಳು ನಿನ್ನ ಹೆಂಡತಿ ಆಶಾ. ನಾನು ಬೇಡ ಅಂದೆ. ನಿನಗೇ ಗೊತ್ತು, ನಮ್ಮ ತೋಟದಲ್ಲಿ ಯಾವ ಕಾಲಕ್ಕೂ ಎಳನೀರು ಕೆಡವಿದವರಲ್ಲ. ಕಾಯಿ ಬಲಿಯಬೇಕು, ಅಟ್ಟದ ಮೇಲೆ ಹನ್ನೊಂದು ತಿಂಗಳು ಮಲಗಬೇಕು, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ತಿಪಟೂರಿನ ಮಾರುಕಟ್ಟೆ ಬಾಗಿಲು ಹಾಕಿ ವರ್ಷವಾಗುತ್ತ ಬಂದರೂ ನಾನು ಬಿದ್ದ ಕಾಯಿ ಆಯ್ದು ಅಟ್ಟಕ್ಕೆ ಏರಿಸುತ್ತಲೇ ಇದ್ದೆ. ಆಶಾ ಜೋರಾಗಿಯೇ ಕೇಳಿದಳು: "ಮಾವ, ಅಟ್ಟ ಮುರಿಯೋ ಹಂಗೈತೆ. ಯಾರ್ ಬತ್ತಾರೆ ಅಂತ ಕೂಡಿಡ್ತಿದೀರ? ಕೊಳ್ಳೋರೂ ಹೋದ್ರು, ತಿನ್ನೋರೂ ಹೋದ್ರು. ಅತ್ತೆನೂ ಹೋಗ್ಬೇಕಾ?"

ನಾನು ಬಾಯಿ ತೆರೆಯುವುದರೊಳಗೆ ನಿನ್ನ ಹಳೆಯ ಪ್ಯಾಂಟು ತೊಟ್ಟು, ಸಣ್ಣತಿಮ್ಮಯ್ಯನ ಮನೆಯಿಂದ ಕಾಲಿಗೆ ಹಾಕುವ ಹಗ್ಗ ತಂದು, ಬಾವಿ ಪಕ್ಕದ ಮರ ಹತ್ತಿಯೇಬಿಟ್ಟಳು. ಎರಡು ಸಲ ಜಾರಿದಳು, ತೋಳೆಲ್ಲ ತರಚಿತು. ನಾನು ಕೆಳಗೆ ಕಂಬಳಿ ಹರಡಿ ಹಿಡಿದು ಮರ ಸುತ್ತುತ್ತಿದ್ದೆ. "ಮಾವ, ಕಂಬ್ಳಿ ಅತ್ಲಾಗಿ ಬಿಸಾಕಿ ದೂರ ಹೋಗಿ, ಗೊನೆ ನಿಮ್ ತಲೆ ಮ್ಯಾಲೇ ಬಿದ್ದಾತು!" ಅಂತ ಮೇಲಿನಿಂದ ಗದರಿಸಿದಳು. ನಾಲ್ಕು ದಿನ ಗುಟುಕು ಗುಟುಕಾಗಿ ಕುಡಿಸಿದಳು. ನಿಮ್ಮವ್ವ ಕಣ್ಣು ಬಿಟ್ಟು ಆಡಿದ ಮೊದಲ ಮಾತು: "ಈವಯ್ಯನ್ನ ಕೇಳ್ಬ್ಯಾಡ ಕಣೇ, ಇನ್ನೊಂದ್ ಕೆತ್ತು."

ಆಮೇಲೆ ಪಕ್ಕದ ಮನೆಯ ಶ್ರೀರಂಗಯ್ಯ, ಅವನ ಸೊಸೆ, ಹೀಗೆ ಮಲಗಿದ ಏಳು ಜನರಿಗೂ ಎಳನೀರು ಕುಡಿಸಿದಳು, ಆರು ಜನ ಎದ್ದರು. ಈಗ ಆಶಾ ಇನ್ನಿಬ್ಬರು ಹೆಂಗಸರಿಗೂ ಹತ್ತುವುದು ಕಲಿಸುತ್ತಿದ್ದಾಳೆ. ನಮ್ಮ ವಂಶದವರು ಕೂಲಿ ಕೊಟ್ಟು ಹತ್ತಿಸಿದವರೇ ಹೊರತು ಹತ್ತಿದವರಲ್ಲ. ನನ್ನ ಸೊಸೆ ಹತ್ತುತ್ತಾಳೆ ಅಂತ ಸಿಕ್ಕವರಿಗೆಲ್ಲ ಹೇಳುತ್ತೇನೆ, ಕೇಳಿದವರಿಗೇ ಮತ್ತೆ ಹೇಳುತ್ತೇನೆ. ಅವಳು ಇಳಿಯುವವರೆಗೂ ಬುಡ ಹಿಡಿದು ನಿಂತಿರುತ್ತೇನೆ, ಹಿಡಿದರೆ ಏನು ಪ್ರಯೋಜನವೋ.

ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ನಿಮ್ಮವ್ವ ಹೇಳಿದ್ದಾಳೆ. ಊರ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ
ಕರಿಯಪ್ಪ

ಮರೆತಿದ್ದೆ. ಇಲ್ಲ, ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋದ ತಿಂಗಳು ಛತ್ರಕ್ಕೆ ಎಳನೀರು ಬೇಕೆಂದು ನೀನು ಸುದ್ದಿ ಒಯ್ದು ತರುವ ಕಲ್ಲೇಶನ ಕೈಲಿ ಹೇಳಿ ಕಳಿಸಿದಾಗ, ನುಸಿ ರೋಗ ಬಿದ್ದು ಮರದಲ್ಲಿ ಕಾಯಿಯೇ ಇಲ್ಲ ಅಂದೆನಲ್ಲ, ಅದು ಸುಳ್ಳು. ಗೊನೆ ತುಂಬಿತ್ತು. ಆ ವಾರ ಅಲ್ಲಿ ಎಷ್ಟು ಜನ ಹೋದರೆಂದು ಕಲ್ಲೇಶ ಹೇಳಿದ, ಅದನ್ನು ಬರೆಯಲಾರೆ. ಆಶಾಗೆ ನಿನ್ನೆ ಹೇಳಿದೆ. ಅವಳು ಹಗ್ಗ ತೆಗೆದುಕೊಂಡು ತೋಟಕ್ಕೆ ಹೋದಳು. ನಾಳೆ ಬೆಳಗ್ಗೆ ಮುನ್ನೂರು ಎಳನೀರು ತುಂಬಿಕೊಂಡು ಅಲ್ಲಿಗೆ ಹೊರಡುತ್ತೇವೆ, ಗಾಡಿ ಹೊಡೆಯುವುದು ನಾನೇ. ಕಲ್ಲೇಶ ಈ ಕಾಗದವನ್ನು ಸೈಕಲ್ಲಿನಲ್ಲಿ ಇವತ್ತೇ ತರುತ್ತಾನೆ. ನಮ್ಮ ಗಾಡಿ ತಡೆಯಬೇಡಿ ಅಂತ ನಿಮ್ಮ ಕಾವಲಿನವರಿಗೆ ಹೇಳಿಡು. ಬೈಯುವುದಿದ್ದರೆ ಗಾಡಿ ಇಳಿಸಿದ ಮೇಲೆ ಬೈ.