ಅನಾನಸ್ ಕೇಸರಿಬಾತಿನ ತಪ್ಪಲ್ಲ

ರೂಪಾ,

ಆಸ್ಪತ್ರೆಯ ರಿಪೋರ್ಟ್ ತರಲು ಚಿಕ್ಕಮಗಳೂರಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಅಕ್ಕಿರೊಟ್ಟಿ ನಾನೇ ತಟ್ಟಿದ್ದು, ಅಂಚು ಸೀದಿದೆ. ಹದಿನೈದು ದಿನದಿಂದ ಬರೀ ಗಂಜಿ ಮಾಡಿಕೊಂಡು ಕುಡಿಯುತ್ತಿದ್ದೀಯ. ಇವತ್ತು ಇದನ್ನು ತಿನ್ನು. ಮಾತ್ರೆ ಆಮೇಲೆ.

ಡಾಕ್ಟರಿಗೆ ನಿನ್ನೆ ಮತ್ತೆ ಫೋನ್ ಮಾಡಿ ಕೇಳಿದೆ. ಬೆಂಗಳೂರಿನ ಹೋಟೆಲಿನಲ್ಲಿ ನೀನು ಆಸೆಪಟ್ಟು ತಿಂದ ಅನಾನಸ್ ಕೇಸರಿಬಾತಿಗೂ ಹೊಟ್ಟೆಯಲ್ಲಿದ್ದ ಮಗು ಹೋಗಿದ್ದಕ್ಕೂ ಏನೇನೂ ಸಂಬಂಧವಿಲ್ಲವಂತೆ. ಎರಡನೇ ಪ್ಲೇಟ್ ತರಿಸಿದವನು ನಾನು. ಅಮ್ಮ ನಿನ್ನನ್ನು ಅನ್ನುವಾಗೆಲ್ಲ ಅದನ್ನು ಹೇಳದೆ ಸುಮ್ಮನಿದ್ದೆ. ಹೇಡಿ ನಾನು.

ಇವತ್ತು ಬೆಳಿಗ್ಗೆ ಹೇಳಿದೆ. "ಇನ್ನೊಂದ್ಸಲ ಅವಳ ಬಾಯಿಚಪಲದಿಂದ ಹೀಗಾಯ್ತು ಅಂದ್ರೆ ನಾವಿಬ್ರೂ ಬಣಕಲ್‌ನಲ್ಲಿ ಬೇರೆ ಮನೆ ಮಾಡ್ತೀವಿ" ಎಂದೆ. ಅಮ್ಮ ಒಲೆ ಆರಿಸಿ ಕೂತರು. ಆಮೇಲೆ, "ನೀನು ಹುಟ್ಟೋಕೆ ಮುಂಚೆ ನಂಗೂ ಒಂದು ಹೋಗಿತ್ತು ಮಾರಾಯ. ಹಲಸಿನಹಣ್ಣು ತಿಂದಿದ್ದಕ್ಕೇ ಅಂತ ನಿನ್ನಜ್ಜಿ ಸಾಯೋವರೆಗೂ ಹೇಳಿದ್ರು. ನಾನೂ ನಂಬಿಬಿಟ್ಟೆ" ಅಂದರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮಧ್ಯಾಹ್ನ ಅಮ್ಮ ನಿನ್ನ ಕೋಣೆಗೆ ಬರುತ್ತಾರೆ. ಅವರನ್ನು ಕ್ಷಮಿಸು ಎಂದು ನಾನು ಹೇಳುವುದಿಲ್ಲ. ಚಿಲಕ ಮಾತ್ರ ಹಾಕಿಕೊಳ್ಳಬೇಡ.

ತನ್ಮಯ್