ಹೊಡೆಯುವ ಕೈ ಯಾರದು

ಜೂನ್ 3, ಬೆಳಿಗ್ಗೆ 10
ಶಾಲೆ ಶುರು. ಹೊಲಿದು ಕೊಡಬೇಕಾದ ಯೂನಿಫಾರ್ಮ್ ಇನ್ನೂ ಹದಿನೆಂಟು ಬಾಕಿ. ಎಡಗಣ್ಣು ಊದಿದೆ, ಸೂಜಿಗೆ ನೂಲು ಪೋಣಿಸಲು ಆಗುತ್ತಿಲ್ಲ. ಶಿರ್ತಾಡಿ ಪೇಟೆಗೆ ಈ ಮುಖ ಹೊತ್ತು ಹೋಗಿ ಅಂಗಡಿ ತೆರೆಯುವುದು ಹೇಗೆ?

ತಿಂಡಿ ಕೊಡುವಾಗ ಇವರು ಗುದ್ದಿದ್ದು. ಗೋಡೆ ದಿಟ್ಟಿಸುತ್ತ ಕೂತಿದ್ದರು, ಬಾಯಿ ಚಪ್ಪರಿಸುತ್ತ. ಕರೆದರೆ ಉತ್ತರವಿಲ್ಲ. ಭುಜ ಮುಟ್ಟಿದೆ, ಗುದ್ದು ಬಿತ್ತು. ನಾನೂ ಬಿಡಲಿಲ್ಲ — ಸೌಟಿನಿಂದ ಎರಡು ಕೊಟ್ಟೆ. ಮೂವತ್ತು ವರ್ಷ ಪೆಟ್ಟು ತಿಂದವಳು. ಬಂಟ್ವಾಳ–ಮೂಡುಬಿದಿರೆ ಬಸ್ ಓಡಿಸಿ ಬಂದು ಕೈ ಎತ್ತುತ್ತಿದ್ದ ಮನುಷ್ಯ. ಈಗ ಮರೆವಿನ ಕಾಯಿಲೆ, ಮಗಳ ಹೆಸರೂ ನೆನಪಿಲ್ಲ. ಹೊಡೆಯುವುದು ಮಾತ್ರ ಮರೆತಿಲ್ಲ!

ಜೂನ್ 4
ಬೆಳ್ತಂಗಡಿಯಿಂದ ಮಗಳು ನವ್ಯಾ ಫೋನ್ ಮಾಡಿದಳು. "ಅಮ್ಮ, ಅಪ್ಪನನ್ನು ಆಶ್ರಮಕ್ಕೆ ಸೇರಿಸುವ. ಒಂದು ದಿನ ನಿನ್ನನ್ನು ಕೊಲ್ತಾರೆ."
"ಕಾಯಿಲೆ ಹೊಡೆಯುವುದಾದರೆ ನಾನು ನೋಡಿಕೊಳ್ತೇನೆ. ಅವರೇ ಹೊಡೆಯುವುದಾದರೆ ನಾಳೆಯೇ ಕರ್ಕೊಂಡು ಹೋಗು," ಅಂದೆ.

ಜೂನ್ 9
ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಇಪ್ಪತ್ತೆರಡು ಹೊಲಿಗೆ.

ಅಂಗಳದಲ್ಲಿ ಬಿದ್ದರು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಹುಲ್ಲು ಕೊಯ್ಯುತ್ತಿದ್ದ ನೆರೆಮನೆಯ ದಯಾನಂದ ಓಡಿ ಬಂದ. "ಫಿಟ್ಸ್, ಕಾಂತಿ ಅಕ್ಕ! ಕೈಗೆ ಕಬ್ಬಿಣ ಕೊಡಿ, ನಿಲ್ತದೆ." ಬೀಗದ ಕೈ ಹುಡುಕಿದೆ, ಸಿಗಲಿಲ್ಲ. ಅವನ ಹುಲ್ಲುಕತ್ತಿಯನ್ನೇ ಕಿತ್ತುಕೊಂಡು ಇವರ ಮುಷ್ಟಿಗೆ ತುರುಕಿದೆ. ನಾನೇ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಕಣ್ಣು ಬಿಟ್ಟರು, ಗುರುತೇ ಇಲ್ಲದ ಕಣ್ಣು. ಎಬ್ಬಿಸಲು ಬಗ್ಗಿದೆ — ಬೀಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು. ದಯಾನಂದ ಕೋಲಿನಿಂದ ಬಾರಿಸಿ ಕತ್ತಿ ಬೀಳಿಸಿದ.

ಜೂನ್ 13
ಮಂಗಳೂರು. ತಲೆಗೆಲ್ಲ ವಯರು ಅಂಟಿಸಿ ಇಇಜಿ. ಡಾಕ್ಟರಮ್ಮ ಹೇಳಿದರು: "ಮರೆವಿನ ಕಾಯಿಲೆಯವರಿಗೆ ಫಿಟ್ಸ್ ಬರುವುದುಂಟು. ಕೆಲವು ಸಲ ಬೀಳುವುದೇ ಇಲ್ಲ — ಸುಮ್ಮನೆ ದಿಟ್ಟಿಸುವುದು, ಬಾಯಿ ಚಪ್ಪರಿಸುವುದು. ಆಗ ಹಿಡಿಯಲಿಕ್ಕೆ ಹೋದರೆ ಗೊಂದಲದಲ್ಲಿ ಹೊಡೀತಾರೆ. ಕೈಗೆ ಕಬ್ಬಿಣ ಎಲ್ಲ ಕೊಡಬೇಡಿ. ಮಾತ್ರೆ ಒಂದು ಹೊತ್ತೂ ತಪ್ಪಬಾರದು."

ಅಂದರೆ ಫಿಟ್ಸಿನಲ್ಲಿದ್ದವರಿಗೆ ಸೌಟಿನಲ್ಲಿ ಹೊಡೆದೆ. ನಾಚಿಕೆಯಿಂದ ಸತ್ತ ಹಾಗಾಯಿತು. ಆಶ್ರಮ ಬೇಡ ಅಂತ ನವ್ಯಾಳಿಗೆ ಹೇಳಿದೆ.

ಜುಲೈ 16
ತಿಂಗಳಾಯಿತು, ಒಂದು ಪೆಟ್ಟೂ ಇಲ್ಲ. ಇವತ್ತು "ಕಾಂತಿ" ಅಂದರು. ಆ ಬಾಯಲ್ಲಿ ನನ್ನ ಹೆಸರು ಕೇಳದೆ ವರ್ಷವಾಗಿತ್ತು. ಖುಷಿಯಲ್ಲಿ ಅತ್ತುಬಿಟ್ಟೆ.

ಜುಲೈ 19, ಸಂಜೆ
ದಿಟ್ಟಿಸಲಿಲ್ಲ. ಬಾಯಿ ಚಪ್ಪರಿಸಲಿಲ್ಲ. ನೇರ ನನ್ನ ಮುಖ ನೋಡಿದರು. "ಕಾಂತಿ, ಸಾರಿಗೆ ಉಪ್ಪು ನಿನ್ನ ಅಪ್ಪ ಬಂದು ಹಾಕ್ತಾನಾ?" ಕೂದಲು ಹಿಡಿದು ಗೋಡೆಗೆ ಬಡಿದರು. ಒಂದಲ್ಲ, ಮೂರು ಸಲ. ಆಮೇಲೆ ಹೊಲಿಗೆ ಬಿದ್ದ ಕೈಯನ್ನೇ ಹುಡುಕಿ ತಿರುಚಿದರು.

ಇದು ಕಾಯಿಲೆಯಲ್ಲ. ಇದು ನನ್ನ ಗಂಡ ಧರ್ಣಪ್ಪ. ಮಾತ್ರೆ ಕೊಟ್ಟು ಕೊಟ್ಟು ನಾನೇ ವಾಪಸ್ ಕರೆದಿದ್ದೇನೆ. ಗುರುತಿಲ್ಲದೆ ಹೊಡೆದರೆ ತಡೆದುಕೊಳ್ಳುತ್ತಿದ್ದೆ. ಹಾಳಾಗಿ ಹೋಗಲಿ — ಮಾತ್ರೆ ಎಲ್ಲ ಒಲೆಗೆ ಹಾಕಿದೆ.

ಜುಲೈ 22, ಬೆಳಿಗ್ಗೆ 9.10
ಮಾತ್ರೆ ಇಲ್ಲದೆ ಮೂರು ದಿನ. ಇವರನ್ನು ಕೋಣೆಯೊಳಗೆ ಹಾಕಿ ಚಿಲಕ ಜಡಿದಿದ್ದೇನೆ. ಬಾಗಿಲು ಒದೆಯುತ್ತಿದ್ದಾರೆ. ನನ್ನ ಹೆಸರು, ಸತ್ತ ನನ್ನ ಅಮ್ಮನ ಹೆಸರು, ಬಾಯಿಗೆ ಬಂದ ಹಾಗೆ ಬೈಗುಳ. ಒದೆಯಲಿ. ನವ್ಯಾ ಕಾರು ತಕ್ಕೊಂಡು ಹೊರಟಿದ್ದಾಳೆ, ಆಶ್ರಮಕ್ಕೇ ಸೀದಾ.

ಬೈಗುಳ ನಿಂತಿತು.

ಬಿದ್ದ ಸದ್ದು. ಹಿಮ್ಮಡಿ ನೆಲಕ್ಕೆ ಬಡಿಯುತ್ತಿದೆ... ತಲೆಯೂ...

9.16
ಇನ್ನೂ ಬಡಿಯುತ್ತಿದೆ. ಮಾತ್ರೆ ಸುಟ್ಟವಳು ನಾನು. ಎದ್ದು ಚಿಲಕ ತೆಗೆಯಬೇಕು. ಎದ್ದಿಲ್ಲ. ಕೂತು ಬರೆಯುತ್ತಿದ್ದೇನೆ! ದೇವರೇ, ನನ್ನ ಕೈ ಯಾಕೆ ಚಿಲಕಕ್ಕೆ ಹೋಗುತ್ತಿಲ್ಲ